ಹಿಂದಿನ ಶಾಕ್ ಮೇಲೆ ಎಣ್ಣೆ: ಸೋರಿದ್ದು ಶಾಕೇನಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ, ಅಡಿಕೆ ತೋಟ ಇದೆ. ನನ್ನ 150 ಸಿಸಿ ಬೈಕಿಗೆ 6 ವರ್ಷ ಆಯಿತು, 52,000 ಕಿಲೋಮೀಟರ್ ಓಡಿದೆ. ಹಿಂದೆ ಎರಡು ಶಾಕ್ (ಶಾಕ್ ಅಬ್ಸಾರ್ಬರ್), ಡ್ರಮ್ ಬ್ರೇಕ್. ವಾರಕ್ಕೊಮ್ಮೆ ನಾನೇ ತೊಳೆದು ಚೈನಿಗೆ ಹಳೇ ಎಂಜಿನ್ ಆಯಿಲ್ ಬಿಡುತ್ತೇನೆ. ಹೋದ ವಾರ ತೊಳೆಯುವಾಗ ಎಡಗಡೆ ಶಾಕ್‌ನ ಕೆಳಗೆ ಕಪ್ಪು ಎಣ್ಣೆ ಕಂಡಿತು, ಅದಕ್ಕೆ ಮಣ್ಣು ಮೆತ್ತಿಕೊಂಡಿತ್ತು. ಬಲಗಡೆಯದ್ದು ಒಣಗಿಯೇ ಇದೆ. ಇತ್ತೀಚೆಗೆ ಹಂಪ್ ದಾಟಿದ ಮೇಲೆ ಗಾಡಿಯ ಹಿಂಭಾಗ ತೊಟ್ಟಿಲಿನ ಹಾಗೆ ತೂಗುತ್ತದೆ. ಹೆಂಡತಿ ಹಿಂದೆ ಕೂತರೆ ಕುಸಿದು ಕೂರುತ್ತದೆ. ಒಬ್ಬ ಮೆಕ್ಯಾನಿಕ್ ಎರಡೂ ಬದಲಿಸಿ ಅಂದರು. ಇನ್ನೊಬ್ಬರು 600 ರೂಪಾಯಿಗೆ ತೂತು ಹಾಕಿ ಎಣ್ಣೆ ತುಂಬಿ ವೆಲ್ಡ್ ಮಾಡಿಕೊಡುತ್ತೇನೆ ಅಂದರು. ಗೆಳೆಯ ಸ್ಪ್ರಿಂಗ್ ಟೈಟ್ ಮಾಡಿದರೆ ಸಾಕು ಅನ್ನುತ್ತಾನೆ. ಮುಂದಿನ ತಿಂಗಳು ಇಬ್ಬರೂ ಆಗುಂಬೆ ಘಾಟಿ ಇಳಿದು ಹೆಬ್ರಿಗೆ ಹೋಗಬೇಕು. ಮನೆಯಲ್ಲೇ ಪರೀಕ್ಷೆ ಮಾಡುವುದು ಹೇಗೆ? ಒಂದೇ ಶಾಕ್ ಬದಲಿಸಿದರೆ ಸಾಕಾ? ಅಲ್ಲಿಯವರೆಗೆ ಓಡಿಸಬಹುದಾ?

ಉತ್ತರ: ಚೆನ್ನಾಗಿ ವಿವರಿಸಿದ್ದೀರಿ. ಅದರಲ್ಲೂ ಚೈನಿಗೆ ಎಣ್ಣೆ ಬಿಡುವ ವಿಷಯ ಹೇಳಿದ್ದು ಒಳ್ಳೆಯದಾಯಿತು. ಯಾಕೆಂದರೆ ನೀವು ಹೇಳಿದ್ದರಲ್ಲಿ ಒಂದಲ್ಲ, ಮೂರು ತೊಂದರೆಗಳು ಸೇರಿಕೊಂಡಿವೆ. ಎಣ್ಣೆ ಕಾಣುವುದು ಒಂದು. ಗಾಡಿ ತೂಗುವುದು ಇನ್ನೊಂದು. ಇಬ್ಬರು ಕೂತರೆ ಕುಸಿಯುವುದು ಮತ್ತೊಂದು. ಮೂರಕ್ಕೂ ಒಂದೇ ಕಾರಣ ಅಂತ ನೀವು ಅಂದುಕೊಂಡಿದ್ದೀರಿ. ಇರಬಹುದು, ಇಲ್ಲದೆಯೂ ಇರಬಹುದು. ಅದನ್ನು ಬಿಡಿಸಿ ನೋಡದೆ ದುಡ್ಡು ಖರ್ಚು ಮಾಡಬೇಡಿ.

ಮೊದಲು ಒಳಗೆ ಏನಿದೆ ನೋಡೋಣ. ಹೊರಗೆ ಕಾಣುವ ಸ್ಪ್ರಿಂಗ್ ಭಾರ ಹೊರುತ್ತದೆ. ಅದರ ಒಳಗಿನ ಸಿಲಿಂಡರಿನಲ್ಲಿ ಎಣ್ಣೆ ಇದೆ, ಅದರಲ್ಲಿ ಒಂದು ರಾಡ್ ಮತ್ತು ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತವೆ. ಪಿಸ್ಟನ್ನಿನ ಸಣ್ಣ ತೂತು, ವಾಲ್ವ್‌ಗಳ ಮೂಲಕ ಎಣ್ಣೆ ಕಷ್ಟಪಟ್ಟು ನುಸುಳಬೇಕು. ಅದರಿಂದ ಸ್ಪ್ರಿಂಗಿನ ಕುಣಿತ ಬಿಸಿಯಾಗಿ ಬದಲಾಗಿ ಅಲ್ಲೇ ಮುಗಿಯುತ್ತದೆ. ಅಂದರೆ ಎಣ್ಣೆ ಭಾರ ಹೊರುವುದಿಲ್ಲ. ಅದರ ಕೆಲಸ ಕುಣಿತ ನಿಲ್ಲಿಸುವುದು ಮಾತ್ರ. ಗ್ಯಾಸ್ ತುಂಬಿದ ಶಾಕ್‌ಗಳಲ್ಲಿ ಎಣ್ಣೆ ನೊರೆಯಾಗದಿರಲಿ ಅಂತ ಒತ್ತಡದಲ್ಲಿ ನೈಟ್ರೋಜನ್ ಇಟ್ಟಿರುತ್ತಾರೆ. ಭಾರದ ಕೆಲಸ ಅಲ್ಲೂ ಬಹುಪಾಲು ಸ್ಪ್ರಿಂಗಿನದ್ದೇ.

ಹಾಗಾಗಿ ಹೆಂಡತಿ ಕೂತಾಗ ಗಾಡಿ ಕುಸಿಯುವುದಕ್ಕೆ ಎಣ್ಣೆ ಸೋರಿಕೆ ಕಾರಣವಲ್ಲ. ಶಾಕ್ ಸೋರಿತು, ಅದಕ್ಕೇ ಗಾಡಿ ಕೂತಿತು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದು ತಪ್ಪು. ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿದೆಯೋ ಅದಕ್ಕೆ ಪ್ರಿಲೋಡ್ ಅನ್ನುತ್ತಾರೆ. ಒಬ್ಬರಿಗೆ ಹೊಂದಿಸಿದ ಪ್ರಿಲೋಡ್‌ನಲ್ಲಿ ಇಬ್ಬರು ಕೂತರೆ ಗಾಡಿ ಕೂರುತ್ತದೆ. 6 ವರ್ಷ ಮೂಟೆ ಹೊತ್ತ ಸ್ಪ್ರಿಂಗ್ ಸ್ವಲ್ಪ ಸುಸ್ತಾಗಿಯೂ ಇರಬಹುದು.

ನಿಮ್ಮ ಗೆಳೆಯನ ಸಲಹೆ ಅರ್ಧ ಸರಿ. ಶಾಕ್‌ನ ಬುಡದ ಮೆಟ್ಟಿಲು ರಿಂಗ್ ತಿರುಗಿಸಿದರೆ ಗಾಡಿಯ ಹಿಂಭಾಗ ಎತ್ತರಕ್ಕೆ ಬರುತ್ತದೆ, ಕುಸಿಯುವುದು ಕಡಿಮೆಯಾಗುತ್ತದೆ. ಆದರೆ ತೂಗುವುದು ನಿಲ್ಲುವುದಿಲ್ಲ. ಒಳಗಿನ ಎಣ್ಣೆ ಸೋತಿರುವಾಗ ಸ್ಪ್ರಿಂಗ್ ಬಿಗಿ ಮಾಡಿದರೆ ಹಂಪ್ ದಾಟಿದ ಮೇಲೆ ಗಾಡಿ ಇನ್ನೂ ಜಾಸ್ತಿ ಎತ್ತಿ ಹಾಕಬಹುದು.

ಈಗ ಎಣ್ಣೆಯ ವಿಷಯ. ನಮ್ಮಲ್ಲಿ ಹೆಚ್ಚಿನ ಬೈಕುಗಳ ಚೈನ್ ಇರುವುದು ಎಡಗಡೆ. ನಿಮಗೆ ಎಣ್ಣೆ ಕಂಡಿದ್ದೂ ಎಡಗಡೆ. ಹಳೇ ಎಂಜಿನ್ ಆಯಿಲ್ ತೆಳ್ಳಗಿರುತ್ತದೆ, ಚೈನಿಗೆ ಅಂಟಿ ನಿಲ್ಲುವುದಿಲ್ಲ. ಗಾಡಿ ಓಡಿದ ಕೂಡಲೇ ಸಿಡಿದು ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು), ರಿಮ್, ಶಾಕ್‌ನ ಕೆಳಭಾಗಕ್ಕೆಲ್ಲ ಹಾರುತ್ತದೆ. ಚೈನ್ ಕವರ್ ಅರ್ಧವೇ ಇದ್ದರೆ ಇನ್ನೂ ಜಾಸ್ತಿ. ನಮ್ಮ ವರ್ಕ್‌ಶಾಪಿಗೆ ಶಾಕ್ ಸೋರುತ್ತಿದೆ ಅಂತ ಬರುವ ಗಾಡಿಗಳಲ್ಲಿ ಶಾಕ್ ಒಣಗಿದ್ದು, ಮೇಲಿದ್ದದ್ದು ಬರೀ ಚೈನಿನ ಎಣ್ಣೆ ಆಗಿರುವುದು ಹೊಸದಲ್ಲ.

ಎಣ್ಣೆ ಎಲ್ಲಿಂದ ಬಂತು ಅನ್ನುವುದು ಅದು ಬಿದ್ದ ರೀತಿಯಲ್ಲೇ ಗೊತ್ತಾಗುತ್ತದೆ. ಚೈನಿನದ್ದು ಚುಕ್ಕಿ ಚುಕ್ಕಿಯಾಗಿ, ಚೈನ್ ಕಡೆಗೆ ಮುಖ ಮಾಡಿದ ಬದಿಯಲ್ಲಿ ಇರುತ್ತದೆ, ರಿಮ್ ಮೇಲೂ ಗೆರೆ ಕಾಣುತ್ತದೆ. ಎಂಜಿನ್ನಿನಿಂದ ಬಂದದ್ದಾದರೆ ಮುಂದಿನ ಸ್ಪ್ರಾಕೆಟ್ ಹತ್ತಿರ ಶುರುವಾಗಿ ಗಾಳಿಗೆ ಹಿಂದಕ್ಕೆ ಹರಡಿರುತ್ತದೆ. ಸ್ಪ್ರಾಕೆಟ್ ಹಿಂದಿನ ಸೀಲ್ ಹೋಗಿದ್ದರೆ ಹೀಗಾಗುತ್ತದೆ. ಹಿಂದೆ ಡಿಸ್ಕ್ ಇರುವವರು ಬ್ರೇಕ್ ಆಯಿಲನ್ನೂ ನೋಡಬೇಕು. ಅದು ಬಣ್ಣವನ್ನು ತಿನ್ನುತ್ತದೆ, ನೀರು ಹಾಕಿ ಉಜ್ಜಿದರೆ ಕರಗಿ ಹೋಗುತ್ತದೆ. ಉಳಿದ ಎಣ್ಣೆಗಳು ಹಾಗೆ ಹೋಗುವುದಿಲ್ಲ.

ಶಾಕ್‌ನ ಎಣ್ಣೆ ಹೊರಗೆ ಬರುವ ಮುಖ್ಯ ಜಾಗ ಒಂದೇ: ರಾಡ್ ಸಿಲಿಂಡರಿನ ಒಳಗೆ ಹೋಗುವ ಬಾಯಿ. ಅಲ್ಲಿ ಎಣ್ಣೆ ತಡೆಯುವ ರಬ್ಬರ್ ಸೀಲ್ ಇರುತ್ತದೆ. ನಿಮ್ಮಂಥ ಗಾಡಿಗಳ ಶಾಕ್‌ನಲ್ಲಿ ಸಾಮಾನ್ಯವಾಗಿ ಸಿಲಿಂಡರ್ ಕೆಳಗೆ, ರಾಡ್ ಮೇಲೆ. ಹಾಗಾಗಿ ಎಣ್ಣೆ ಸ್ಪ್ರಿಂಗಿನ ಒಳಗೆ, ಮೇಲಿನಿಂದ ಶುರುವಾಗಿ ಸಿಲಿಂಡರಿನ ಸುತ್ತ ಇಳಿಯುತ್ತದೆ. ಬರೀ ಕೆಳಗಡೆ, ಹೊರಬದಿಯಲ್ಲಿ ಮಾತ್ರ ಎಣ್ಣೆ ಇದ್ದು ಆ ಬಾಯಿ ಒಣಗಿದ್ದರೆ ಶಾಕ್ ಮೇಲೆ ಅನುಮಾನ ಬೇಡ. ಕೆಲವು ಶಾಕ್‌ಗಳು ತಲೆಕೆಳಗಾಗಿ ಇರುತ್ತವೆ, ಸಿಲಿಂಡರ್ ಮೇಲೆ, ರಾಡ್ ಕೆಳಗೆ. ಅಲ್ಲಿ ಎಣ್ಣೆ ರಾಡ್ ಮೇಲೆಯೇ ಜಿನುಗಿ, ಶಾಕ್ ಪೂರ್ತಿ ಕುಗ್ಗಿದಾಗ ಹೊಡೆತ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೆ ಬೀಳುತ್ತದೆ.

ಪರೀಕ್ಷೆ ಹೀಗೆ ಮಾಡಿ. ಡಬಲ್ ಸ್ಟ್ಯಾಂಡ್ ಹಾಕಿ ಎರಡೂ ಶಾಕ್, ಚೈನ್, ರಿಮ್ ಎಲ್ಲವನ್ನೂ ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಬ್ರಶ್‌ನಿಂದ ತೊಳೆಯಿರಿ. ಪೆಟ್ರೋಲ್, ಸೀಮೆಎಣ್ಣೆ ಬೇಡ, ಅವು ಸೀಲಿನ ರಬ್ಬರನ್ನು ಉಬ್ಬಿಸುತ್ತವೆ. ಪೂರ್ತಿ ಒಣಗಲಿ. ಆಮೇಲೆ ಟಾರ್ಚ್ ಹಿಡಿದು ಸ್ಪ್ರಿಂಗ್ ಸುತ್ತುಗಳ ನಡುವೆ ನೋಡುತ್ತಾ ಆ ಬಾಯಿಯ ಸುತ್ತ ಸ್ವಲ್ಪ ಟಾಲ್ಕಂ ಪೌಡರ್ ಊದಿ. ಚೈನಿಗೆ ಆ ದಿನ ಎಣ್ಣೆ ಬಿಡಬೇಡಿ. ಮಳೆ ಇಲ್ಲದ ಹೊತ್ತಿನಲ್ಲಿ ಹಂಪು ಗುಂಡಿ ಇರುವ ರಸ್ತೆಯಲ್ಲಿ 10–15 ಕಿಲೋಮೀಟರ್ ಓಡಿಸಿ ಬನ್ನಿ. ಬಾಯಿಯ ಸುತ್ತ ಪೌಡರ್ ಒದ್ದೆಯಾಗಿ ಕಪ್ಪಾಗಿದ್ದರೆ ಸೀಲ್ ಹೋಗಿದೆ, ಸಂಶಯವೇ ಇಲ್ಲ. ರಾಡ್ ಮೇಲೆ ತೆಳುವಾದ ಹೊಳಪು, ಬೆರಳಿಗೆ ಅಂಟಿದಂತೆ ಅನಿಸುವಷ್ಟು ಎಣ್ಣೆ ಇದ್ದರೆ ಹೆದರಬೇಡಿ. ರಾಡ್ ಸವೆಯದಿರಲು ಸೀಲ್ ಅಷ್ಟು ಬಿಡಲೇಬೇಕು. ಇಳಿಯುವ ಎಣ್ಣೆ, ತೊಟ್ಟಿಕ್ಕುವ ಎಣ್ಣೆ ಬೇರೆ.

ಓಡಿಸಿ ಬಂದ ಕೂಡಲೇ ಇನ್ನೊಂದು ಕೆಲಸ ಮಾಡಿ. ಎರಡೂ ಶಾಕ್‌ಗಳ ಸಿಲಿಂಡರ್ ಮುಟ್ಟಿ ನೋಡಿ. ಕೆಲಸ ಮಾಡುವ ಶಾಕ್ ಬೆಚ್ಚಗಾಗುತ್ತದೆ. ಸತ್ತ ಶಾಕ್ ತಣ್ಣಗೇ ಇರುತ್ತದೆ. ಬಲಗಡೆ ಸೈಲೆನ್ಸರ್ ಬಿಸಿ ತಾಗಿ ಆ ಶಾಕ್ ಹೇಗೂ ಸ್ವಲ್ಪ ಬೆಚ್ಚಗಿರುತ್ತದೆ. ಅದನ್ನು ಲೆಕ್ಕಕ್ಕಿಟ್ಟು ಹೋಲಿಸಿ.

ಇದನ್ನು ಯಾಕೆ ಹೇಳಿದೆ ಅಂದರೆ, ಹೊರಗೆ ಒಂದು ಹನಿ ಸೋರದೆಯೂ ಶಾಕ್ ಸಾಯುತ್ತದೆ. ಒಳಗಿನ ಎಣ್ಣೆ ವರ್ಷಗಟ್ಟಲೆ ಬಿಸಿಯಾಗಿ, ತಣ್ಣಗಾಗಿ ತೆಳ್ಳಗಾಗುತ್ತದೆ. ಪಿಸ್ಟನ್ ರಿಂಗ್ ಸವೆದು ಲೋಹದ ಪುಡಿ ಎಣ್ಣೆಗೆ ಸೇರುತ್ತದೆ. ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ. ನಿಮ್ಮದು 52,000 ಕಿಲೋಮೀಟರ್, ಅದೂ ಮಲೆನಾಡಿನ ರಸ್ತೆಯಲ್ಲಿ. ಎಡಗಡೆಯ ಎಣ್ಣೆ ಚೈನಿನದ್ದಾಗಿದ್ದು, ಗಾಡಿ ತೂಗುವುದಕ್ಕೆ ನೀವು ಚೆನ್ನಾಗಿದೆ ಅಂದುಕೊಂಡ ಬಲಗಡೆಯ ಒಣ ಶಾಕ್ ಕಾರಣವಾಗಿರಲೂಬಹುದು. ಎರಡೂ ಸೋತಿರುವುದೇ ಹೆಚ್ಚು ಸಾಧ್ಯ ಅನ್ನುವುದು ನನ್ನ ಅಂದಾಜು.

ಸೀಟಿನ ಹಿಂದಿನ ಹಿಡಿ ಹಿಡಿದು ಜೋರಾಗಿ ಒತ್ತಿ ಬಿಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಗಾಡಿ ಒಮ್ಮೆ ಮೇಲೆ ಬಂದು ನಿಲ್ಲಬೇಕು. ಎರಡು ಮೂರು ಸಲ ತೂಗಿದರೆ ಒಳಗಿನ ಎಣ್ಣೆ ಕೆಲಸ ಮಾಡುತ್ತಿಲ್ಲ. ಆದರೆ ಇದರಲ್ಲಿ ಯಾವ ಶಾಕ್ ಅಂತ ಗೊತ್ತಾಗಲ್ಲ, ಒಂದು ಇನ್ನೊಂದರ ಸೋಲನ್ನು ಮುಚ್ಚುತ್ತದೆ. ಅದಕ್ಕೆ ಬಿಚ್ಚಿಯೇ ನೋಡಬೇಕು. ಡಬಲ್ ಸ್ಟ್ಯಾಂಡ್ ಮೇಲೆ ಗಾಡಿ ಗಟ್ಟಿಯಾಗಿ ನಿಲ್ಲಿಸಿ, ಒಂದು ಸಲಕ್ಕೆ ಒಂದೇ ಶಾಕ್ ಬಿಚ್ಚಿ. ಇನ್ನೊಂದು ಸ್ವಿಂಗ್ ಆರ್ಮ್ ಹಿಡಿದಿರಲಿ. ವಾಷರ್‌ಗಳು ಯಾವ ಕ್ರಮದಲ್ಲಿ ಬಂದವು ಅಂತ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಬಿಚ್ಚಿದ ಶಾಕ್‌ನ ರಿಂಗನ್ನು ಅತಿ ಮೆತ್ತಗಿನ ಮೆಟ್ಟಿಲಿಗೆ ತಂದು, ಗಾಡಿಯಲ್ಲಿ ನಿಲ್ಲುವ ಹಾಗೇ ನೆಟ್ಟಗೆ ಒಂದು ಹಲಗೆ ಮೇಲೆ ನಿಲ್ಲಿಸಿ. ಮುಖ ದೂರ ಇಟ್ಟು ಮೈಭಾರ ಹಾಕಿ ಒತ್ತಿ ಬಿಡಿ. ಮೊದಲ ನಾಲ್ಕೈದು ಒತ್ತು ಲೆಕ್ಕಕ್ಕಿಲ್ಲ. ಅಡ್ಡ ಮಲಗಿಸಿದ್ದರೆ ಒಳಗೆ ಗಾಳಿ ಸೇರಿ ಹೊಸ ಶಾಕ್ ಕೂಡ ಸತ್ತಂತೆ ಅನಿಸುತ್ತದೆ. ಆಮೇಲೆ ಗಮನಿಸಿ: ಒಳ್ಳೆಯ ಶಾಕ್ ನಿಧಾನವಾಗಿ, ಒಂದೇ ವೇಗದಲ್ಲಿ ಮೇಲೆ ಬರುತ್ತದೆ. ಸೋತದ್ದು ಚಿಮ್ಮುತ್ತದೆ, ಅಥವಾ ಸ್ವಲ್ಪ ದೂರ ಖಾಲಿ ಖಾಲಿಯಾಗಿ ಬಂದು ಪಿಚಕ್ ಪಿಚಕ್ ಅನ್ನುತ್ತದೆ. ಎರಡನ್ನೂ ಹೋಲಿಸಿದರೆ ನಿಮ್ಮ ಕೈಗೇ ತಿಳಿಯುತ್ತದೆ.

ಇಲ್ಲಿ ಒಂದು ಮಾತು ಖಂಡಿತ ಕೇಳಿ. ಶಾಕ್ ಗಾಡಿಯಿಂದ ಬಿಚ್ಚಬಹುದು. ಆದರೆ ಸ್ಪ್ರಿಂಗನ್ನು ಶಾಕ್‌ನಿಂದ ಬಿಚ್ಚಲು ಹೋಗಬೇಡಿ. ಅದು ಒತ್ತಡದಲ್ಲಿ ಕೂತಿದೆ, ಕಂಪ್ರೆಸರ್ ಉಪಕರಣ ಇಲ್ಲದೆ ಮೇಲಿನ ಲಾಕ್ ತೆಗೆದರೆ ಹಾರಿ ಮುಖಕ್ಕೋ ಕೈಗೋ ಬಡಿಯುತ್ತದೆ.

ಶಾಕ್ ಕೈಯಲ್ಲಿರುವಾಗಲೇ ಎರಡು ತುದಿಯ ಬುಷ್ (ಬೋಲ್ಟ್ ಕೂರುವ ರಬ್ಬರ್) ನೋಡಿ. ರಬ್ಬರ್ ಹರಿದು ಬೋಲ್ಟ್ ಅಲುಗಾಡುತ್ತಿದ್ದರೆ, ಅಥವಾ ಹಿಂದಿನ ಚಕ್ರ ಹಿಡಿದು ಅಡ್ಡ ಅಲ್ಲಾಡಿಸಿದಾಗ ಸ್ವಿಂಗ್ ಆರ್ಮ್ ಕಟಕಟ ಅಂದರೆ, ಶಾಕ್‌ಗೆ ನೇರ ಭಾರದ ಜೊತೆ ಅಡ್ಡ ಭಾರವೂ ಬೀಳುತ್ತಿರುತ್ತದೆ. ಹೊಸ ಶಾಕ್ ಹಾಕಿದರೂ ಅದರ ಸೀಲ್ ಬೇಗ ಹೋಗುತ್ತದೆ. ಆಮೇಲೆ ಬೈಯುವುದು ಶಾಕ್ ಕಂಪನಿಯನ್ನು. ಟೈರನ್ನೂ ಸವರಿ ನೋಡಿ. ಅಲ್ಲಲ್ಲಿ ತಗ್ಗು ದಿಣ್ಣೆಯಾಗಿ ಸವೆದಿದ್ದರೆ ಚಕ್ರ ನೆಲ ಬಿಟ್ಟು ಕುಣಿಯುತ್ತಿರಬಹುದು.

ಸೀಲ್ ಯಾಕೆ ಹೋಗುತ್ತದೆ? ನಮ್ಮ ಕಡೆ ಮುಖ್ಯ ಶತ್ರು ರಾಡ್ ಮೇಲೆ ಒಣಗುವ ಕೆಸರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಆ ಸುತ್ತಿನಲ್ಲೆಲ್ಲ ಗಾಡಿಗೆ ತಿಂಗಳುಗಟ್ಟಲೆ ಕೆಮ್ಮಣ್ಣಿನ ಸ್ನಾನ. ಅದು ರಾಡ್ ಮೇಲೆ ಗಟ್ಟಿಯಾಗಿ ಕೂತು, ಬೆಳಗ್ಗೆ ಮೊದಲ ಗುಂಡಿಗೇ ಸೀಲಿನ ತುಟಿಯನ್ನು ಉಜ್ಜುತ್ತದೆ. ಪ್ರೆಶರ್ ವಾಶ್ ಪೈಪನ್ನು ಹತ್ತಿರದಿಂದ ಆ ಬಾಯಿಗೇ ಹಿಡಿದರೆ ಕೆಸರು ತುಟಿಯ ಒಳಗೇ ನುಗ್ಗುತ್ತದೆ. ಮೂಟೆಗಳ ಭಾರಕ್ಕೆ ಶಾಕ್ ಪೂರ್ತಿ ಕೆಳಗೆ ಬಡಿದರೆ ರಾಡ್ ಸ್ವಲ್ಪ ಬಾಗುವುದೂ ಉಂಟು.

ತೋಟದವರಿಗೆ ಇನ್ನೊಂದು ಕಾರಣವೂ ಇದೆ, ಇದನ್ನು ಯಾರೂ ಗಮನಿಸುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ, ಸುಣ್ಣ ಸೇರಿಸಿದ ಬೋರ್ಡೋ ಮಿಶ್ರಣದ ಮೈಲುತುತ್ತ, ಅಂದರೆ ತಾಮ್ರದ ಲವಣ. ಮಿಶ್ರಣ ಸರಿಯಾಗಿದೆಯಾ ಅಂತ ಕಬ್ಬಿಣದ ಚಾಕು ಅದ್ದಿ ನೋಡುತ್ತೀರಲ್ಲ? ಚಾಕು ಕೆಂಪಗಾದರೆ ಸುಣ್ಣ ಸಾಲದು ಅಂತ. ಆ ಕೆಂಪು ಅಂದರೆ ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂತಿದೆ. ಮೈಲುತುತ್ತದ ಚೀಲ, ಸೋರುವ ಕ್ಯಾನ್ ಬೈಕಿನ ಬದಿಗೆ ಕಟ್ಟಿ ತಂದರೆ ಅದೇ ಕೆಲಸ ಶಾಕ್ ರಾಡ್ ಮೇಲೂ ನಡೆಯುತ್ತದೆ. ಕ್ರೋಮ್‌ನಲ್ಲಿರುವ ಕಣ್ಣಿಗೆ ಕಾಣದ ಬಿರುಕುಗಳಿಂದ ಒಳಗಿಳಿದು ಕೆಳಗಿನ ಕಬ್ಬಿಣ ತಿನ್ನುತ್ತದೆ. ಕೊಟ್ಟಿಗೆಯಲ್ಲಿ, ದನದ ಗಂಜಲ ಗೊಬ್ಬರದ ಪಕ್ಕ ನಿಲ್ಲಿಸುವ ಗಾಡಿಗೂ ತುಕ್ಕು ಬೇಗ. ಸ್ಪ್ರಿಂಗ್ ಸಂದಿಯಲ್ಲಿ ರಾಡ್ ಎಷ್ಟು ಕಾಣುತ್ತದೋ ಅಷ್ಟನ್ನು ಒರೆಸಿ, ಕಡ್ಡಿಯಿಂದ ಮೆಲ್ಲಗೆ ಸವರಿ. ತರಿತರಿ ಸಿಕ್ಕರೆ, ಆ ರಾಡ್ ಇಟ್ಟುಕೊಂಡು ಹೊಸ ಸೀಲ್ ಹಾಕಿ ಪ್ರಯೋಜನವಿಲ್ಲ. ತುಕ್ಕಿನ ಗುಂಡಿ ಹೊಸ ಸೀಲನ್ನೂ ಅರದಂತೆ ಕೆರೆದು ಹಾಕುತ್ತದೆ.

ಈಗ ದಾರಿಗಳು. 600 ರೂಪಾಯಿಯ ತೂತು, ವೆಲ್ಡ್ ಕೆಲಸ ಬೇಡವೇ ಬೇಡ. ಗ್ಯಾಸ್ ತುಂಬಿದ ಶಾಕ್‌ಗೆ ಡ್ರಿಲ್ ಹಾಕಿದರೆ ಒತ್ತಡದಲ್ಲಿದ್ದ ಎಣ್ಣೆ, ಲೋಹದ ಚೂರು ಮುಖಕ್ಕೆ ಚಿಮ್ಮುತ್ತದೆ. ಒಳಗೆ ಎಣ್ಣೆ ಇರುವ ಸಿಲಿಂಡರಿಗೆ ವೆಲ್ಡ್ ಮಾಡುವುದೂ ಅಷ್ಟೇ ಅಪಾಯ, ಎಣ್ಣೆಯ ಆವಿಗೆ ಬೆಂಕಿ ಹತ್ತಿ ಸಿಡಿಯಬಹುದು. ಏನೂ ಆಗಲಿಲ್ಲ ಅಂದುಕೊಳ್ಳಿ, ಆದರೂ ಸೋರಿದ್ದ ಹಳೇ ಸೀಲ್ ಅಲ್ಲೇ ಇದೆ, ಈಗ ವೆಲ್ಡಿನ ಬಿಸಿಗೆ ಇನ್ನೂ ಬೆಂದಿದೆ. ತುಂಬುವುದು ಹೆಚ್ಚಾಗಿ ಎಂಜಿನ್ ಆಯಿಲ್, ಅದು ಶಾಕ್‌ಗೆ ತೀರಾ ದಪ್ಪ. ಜಾಸ್ತಿ ತುಂಬಿದರೆ ಇನ್ನೊಂದು ಕಷ್ಟ. ರಾಡ್ ಒಳಗೆ ಬಂದಾಗ ಅಷ್ಟು ಜಾಗ ಎಲ್ಲಿಂದಲಾದರೂ ಸಿಗಬೇಕು, ಅದಕ್ಕೇ ಒಳಗೆ ಗಾಳಿ ಅಥವಾ ಗ್ಯಾಸ್ ಇಟ್ಟಿರುತ್ತಾರೆ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ. ಬಾಯಿತನಕ ತುಂಬಿದ ಶಾಕ್ ಗುಂಡಿಗೆ ಬಿದ್ದಾಗ ಕಲ್ಲಾಗಿ ನಿಲ್ಲುತ್ತದೆ, ಇಲ್ಲವೇ ಸೀಲ್ ಒಡೆದು ಹೊರಬರುತ್ತದೆ.

ಸರಿಯಾದ ರೀಬಿಲ್ಡ್ ಅಂದರೆ ಬಿಚ್ಚಿ, ರಾಡ್ ಪರೀಕ್ಷಿಸಿ, ಹೊಸ ಸೀಲ್, ಸರಿಯಾದ ತೆಳುವಿನ ಸಸ್ಪೆನ್ಷನ್ ಆಯಿಲ್ ಅಳತೆ ಮಾಡಿ ಹಾಕಿ, ಗ್ಯಾಸ್ ಶಾಕ್ ಆದರೆ ನೈಟ್ರೋಜನ್ ತುಂಬುವುದು. ದುಬಾರಿ ಮೋನೋಶಾಕ್ (ಹಿಂದೆ ಒಂದೇ ಶಾಕ್) ಇರುವವರಿಗೆ, ಅದೂ ಬಿಚ್ಚಲು ಬರುವ ಶಾಕ್ ಆಗಿದ್ದರೆ, ಇದು ಒಳ್ಳೆಯ ದಾರಿ. ನಿಮ್ಮ ಗಾಡಿಯ ಶಾಕ್‌ಗಳ ಬಾಯಿಯನ್ನು ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಮಡಚಿ ಮುಚ್ಚಿರುತ್ತಾರೆ. ಅವನ್ನು ರೀಬಿಲ್ಡ್ ಮಾಡಿಸುವ ಖರ್ಚು, ಓಡಾಟ ಲೆಕ್ಕ ಹಾಕಿದರೆ ಹೊಸ ಜೋಡಿಯೇ ಮೇಲು.

ಜೋಡಿ ಅಂದೆ, ಒಂದಲ್ಲ. ಒಂದು ಬದಿ ಹೊಸ ಶಾಕ್ ಹಿಡಿದು ನಿಲ್ಲಿಸುತ್ತದೆ, ಇನ್ನೊಂದು ಬದಿ ಬಿಟ್ಟುಬಿಡುತ್ತದೆ. ಸ್ವಿಂಗ್ ಆರ್ಮ್ ಪ್ರತಿ ಗುಂಡಿಗೂ ಸ್ವಲ್ಪ ತಿರುಚಿಕೊಳ್ಳುತ್ತದೆ. ಆ ತಿರುಚು ನಿಮಗೆ ತಿರುವಿನಲ್ಲಿ ಗೊತ್ತಾಗುತ್ತದೆ. ಮೊದಲ ಮೆಕ್ಯಾನಿಕ್ ಹೇಳಿದ್ದು ಸರಿ. ಬೇರೆ ಕಂಪನಿಯದ್ದು ಕೊಳ್ಳುವುದಾದರೆ ಮೇಲಿನ ಬೋಲ್ಟ್ ತೂತಿನಿಂದ ಕೆಳಗಿನ ತೂತಿನವರೆಗಿನ ಅಳತೆ, ಬೋಲ್ಟ್ ಅಳತೆ ಮೂಲದಷ್ಟೇ ಇರಲಿ. ಎತ್ತರ ಕಾಣಲಿ ಅಂತ ಉದ್ದದ್ದು ಹಾಕಿದರೆ ಚೈನ್ ಸಡಿಲಿಕೆ, ಸ್ಟ್ಯಾಂಡ್, ತಿರುವಿನ ಹಿಡಿತ ಎಲ್ಲವೂ ಬದಲಾಗುತ್ತದೆ. ಗುಜರಿಯ ಹಳೇ ಜೋಡಿ ಬೇಡ, ಅದರ ಒಳಗಿನ ಸ್ಥಿತಿ ಹೊರಗಿಂದ ಗೊತ್ತಾಗುವುದಿಲ್ಲ.

ಆಗುಂಬೆಗೆ ಬರೋಣ. ಶಾಕ್ ಸೋತಿದ್ದರೆ ಊರೊಳಗೆ ಒಬ್ಬರೇ, ನಿಧಾನವಾಗಿ, ಮೂಟೆ ಇಲ್ಲದೆ ಕೆಲವು ದಿನ ಓಡಿಸಬಹುದು. ಪ್ರತಿದಿನ ಹೊರಡುವ ಮೊದಲು ಟೈರ್ ಅಂಚು ಮುಟ್ಟಿ ನೋಡಿ. ಎಣ್ಣೆ ಟೈರಿಗೆ ತಾಗಿದ್ದರೆ ಆ ದಿನ ಗಾಡಿ ತೆಗೆಯಬೇಡಿ. ಇಬ್ಬರು ಕೂತು ಘಾಟಿ ಇಳಿಯುವುದು ಮಾತ್ರ ಬೇಡ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಹೋಗಿ ಹಿಂದಿನ ಚಕ್ರ ಹಗುರವಾಗುತ್ತದೆ. ಆಗ ಶಾಕ್ ಅದನ್ನು ನೆಲಕ್ಕೆ ಒತ್ತಿ ಹಿಡಿದಿರಬೇಕು. ಹಿಡಿಯದಿದ್ದರೆ ಚಕ್ರ ಕುಣಿಯುತ್ತದೆ. ಗಾಳಿಯಲ್ಲಿರುವ ಚಕ್ರ ಬ್ರೇಕಿಗೆ ಕೂಡಲೇ ಲಾಕ್ ಆಗುತ್ತದೆ, ನೆಲ ಮುಟ್ಟಿದ ಕ್ಷಣ ಜಾರುತ್ತದೆ. 14 ಹೇರ್‌ಪಿನ್ ತಿರುವು, ಒದ್ದೆ ರಸ್ತೆ, ಅಂಚಿನಲ್ಲಿ ಪಾಚಿ, ಎದುರಿಗೆ ಬಸ್ಸು. ಅಲ್ಲಿ ಹೀಗಾಗುವುದು ಬೇಡ. ಇನ್ನೂ ಒಂದು ತಿಂಗಳು ಸಮಯ ಇದೆ, ಹೊರಡುವ ಮೊದಲೇ ಬದಲಿಸಿ. ಆಗದಿದ್ದರೆ ಅವತ್ತು ಬಸ್ಸಿನಲ್ಲಿ ಹೋಗಿ.

ಪರೀಕ್ಷೆಯಲ್ಲಿ ಎಣ್ಣೆ ಚೈನಿನದ್ದೇ ಅಂತ ಗೊತ್ತಾಗಿ, ಎರಡೂ ಶಾಕ್ ನಿಧಾನವಾಗಿ ಮೇಲೆ ಬಂದರೆ ಏನನ್ನೂ ಕೊಳ್ಳಬೇಡಿ. ಬುಷ್, ಟೈರ್ ಗಾಳಿ, ಪ್ರಿಲೋಡ್ ನೋಡಿ. ಹಳೇ ಎಂಜಿನ್ ಆಯಿಲ್ ಬದಲು 90 ಗ್ರೇಡ್ ಗೇರ್ ಆಯಿಲ್ ಅಥವಾ ಚೈನ್ ಲ್ಯೂಬ್ ಬಳಸಿ. ಚೈನ್ ಬೆಚ್ಚಗಿರುವಾಗ ಒಳಬದಿಗೆ ಹಾಕಿ, ಹದಿನೈದು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಒರೆಸಿ. ಎಂಜಿನ್ ಆನ್ ಇಟ್ಟು, ಗೇರ್ ಹಾಕಿ ಚೈನ್ ಒರೆಸಬೇಡಿ, ಬೆರಳು ಹೋಗುತ್ತದೆ.

ಹೊಸ ಜೋಡಿ ನೀವೇ ಹಾಕಬಹುದು, ಅದೇನೂ ಕಷ್ಟವಲ್ಲ. ಒಂದು ಬದಿ ಮುಗಿಸಿ ಇನ್ನೊಂದು ಬದಿ. ತೂತು ಕೂಡದಿದ್ದರೆ ಬೋಲ್ಟನ್ನು ಸುತ್ತಿಗೆಯಿಂದ ಬಡಿಯಬೇಡಿ. ಚಕ್ರದ ಕೆಳಗೆ ಒಂದು ಹಲಗೆ ಸೇರಿಸಿ ಎತ್ತರ ಹೊಂದಿಸಿ. ನಟ್ ಬಿಗಿ ಎಷ್ಟಿರಬೇಕು ಅನ್ನುವುದು ಸರ್ವೀಸ್ ಮ್ಯಾನ್ಯುಯಲ್‌ನಲ್ಲಿದೆ, ಟಾರ್ಕ್ ರೆಂಚ್ ಇಲ್ಲದಿದ್ದರೆ ಒಮ್ಮೆ ಗ್ಯಾರೇಜಿನಲ್ಲಿ ಪರೀಕ್ಷಿಸಿಕೊಳ್ಳಿ. ನೂರಿನ್ನೂರು ಕಿಲೋಮೀಟರ್ ಬಳಿಕ ಮತ್ತೆ ನೋಡಿ. ಎರಡೂ ಬದಿ ಪ್ರಿಲೋಡ್ ಒಂದೇ ಮೆಟ್ಟಿಲಲ್ಲಿರಲಿ. ಇಬ್ಬರು ಹೋಗುವ ದಿನ ಒಂದೆರಡು ಮೆಟ್ಟಿಲು ಏರಿಸಿ, ಬಂದ ಮೇಲೆ ಇಳಿಸಿ. ಹಿಂದಿನ ಡ್ರಮ್ ಒಮ್ಮೆ ಬಿಚ್ಚಿ ನೋಡಿ. ಬ್ರೇಕ್ ಶೂ ಎಣ್ಣೆ ಕುಡಿದಿದ್ದರೆ ಸಾಬೂನು, ಮರಳುಕಾಗದ ಯಾವುದೂ ಅದನ್ನು ಸರಿ ಮಾಡುವುದಿಲ್ಲ. ಶೂ ಬದಲಿಸಲೇಬೇಕು.

ಹಳೇ ಶಾಕ್‌ಗಳನ್ನು ಗುಜರಿಗೆ ಕೊಡುವಾಗ, ಅವು ಗ್ಯಾಸ್ ತುಂಬಿದವಾಗಿದ್ದರೆ ಅದನ್ನು ಅಲ್ಲಿಯವರಿಗೆ ಹೇಳಿಯೇ ಕೊಡಿ. ಗೊತ್ತಿಲ್ಲದೆ ಗ್ಯಾಸ್ ಕಟರ್ ಹಿಡಿದರೆ ಸಿಡಿಯುತ್ತದೆ.